ಸಿಡ್ ಸದ್ದು ಸಪ್ಪೆ ಅನ್ನಿಸುತ್ತಿದ್ದರೆ ಮೆಷಿನ್ ಕೊಳ್ಳಬೇಡಿ

ಸರ್, ನಿಮ್ಮ ಪೋಸ್ಟ್ ಓದಿದೆ. ಕಮೋಡೋರ್ 64 ಅನ್ನುವ ಹಳೇ ಕಂಪ್ಯೂಟರಿನ ಸಿಡ್ ಚಿಪ್ಪಿನ ಸದ್ದು ಕೊಡುವ ಪ್ಲಗಿನ್ ಹಾಕಿಕೊಂಡು ಎಂಟು ಟ್ರ್ಯಾಕ್ ಮಾಡಿದ್ದೀರಿ, ಮೇಲೆ ರಿವರ್ಬ್ ಬೇರೆ. ಆದರೂ ಹಳೇ ಗೇಮ್‌ಗಳ ಸಂಗೀತದ ಹಾಗೆ ಕೇಳಿಸುತ್ತಿಲ್ಲ, ಸಪ್ಪೆ ಅನ್ನಿಸುತ್ತದೆ, ಅಸಲಿ ಮೆಷಿನ್ ತರಿಸಿಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ದುಡ್ಡು ಉಳಿಸಿಕೊಳ್ಳಿ. ಸದ್ದಿನಲ್ಲಿ ತೊಂದರೆ ಇಲ್ಲ, ನುಡಿಸುವ ರೀತಿಯಲ್ಲಿದೆ. ನಾನೂ ಒಂದು ವರ್ಷ ಇದೇ ಹಳ್ಳದಲ್ಲಿ ಬಿದ್ದಿದ್ದೆ.

1982ರಲ್ಲಿ ಬಂದ ಆ ಕಂಪ್ಯೂಟರಿನಲ್ಲಿ ಇದ್ದದ್ದು ಬಾಬ್ ಯಾನೆಸ್ ವಿನ್ಯಾಸ ಮಾಡಿದ ಸಿಡ್ ಚಿಪ್. ಅದಕ್ಕೆ ಮೂರೇ ವಾಯ್ಸ್, ಒಂದೊಂದರಲ್ಲೂ ಒಂದು ಸಲಕ್ಕೆ ಒಂದೇ ಸ್ವರ. ತ್ರಿಕೋನ, ಗರಗಸ, ಪಲ್ಸ್, ನಾಯ್ಸ್ ಅಂತ ನಾಲ್ಕು ಬಗೆಯ ಅಲೆ. ಮೂರೂ ವಾಯ್ಸ್‌ಗೆ ಸೇರಿ ಒಂದೇ ಫಿಲ್ಟರ್. ಇಷ್ಟು ನಿಮ್ಮ ಪ್ಲಗಿನ್‌ನಲ್ಲೂ ಇರುತ್ತದೆ. ಇಲ್ಲದ್ದು ಪ್ಲೇಯರ್. ಯುರೋಪಿನ ಪಾಲ್ ಟಿವಿ ಪದ್ಧತಿಯ ಮೆಷಿನ್‌ಗಳಲ್ಲಿ ಪರದೆ ಸೆಕೆಂಡಿಗೆ 50 ಸಲ ಹೊಸದಾಗುತ್ತದೆ. ಸಾಮಾನ್ಯವಾಗಿ ಪ್ರತಿ ಸಲಕ್ಕೂ ಹಾಡು ನುಡಿಸುವ ಪುಟ್ಟ ಪ್ರೋಗ್ರಾಂಗೆ ಒಂದು ಸರದಿ. 20 ಮಿಲಿಸೆಕೆಂಡಿಗೊಮ್ಮೆ ಅದು ಸ್ವರ, ಅಲೆ, ಪಲ್ಸ್ ಅಗಲ ಏನನ್ನು ಬೇಕಾದರೂ ಬದಲಿಸುತ್ತದೆ. ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ ಅಂಥ ಗೇಮ್ ಸಂಗೀತಗಾರರು ಈ ಪ್ಲೇಯರನ್ನು ಅಸೆಂಬ್ಲಿಯಲ್ಲಿ ತಾವೇ ಬರೆದುಕೊಳ್ಳುತ್ತಿದ್ದರು. ನಿಮಗೆ ಹಿಡಿಸಿದ ಆ ಗುಳುಗುಳು ಸದ್ದು ಹುಟ್ಟುವುದು ಅಲ್ಲಿ.

ಮೊದಲು ವೈಸ್ ಎಮ್ಯುಲೇಟರ್ ಹಾಕಿಕೊಳ್ಳಿ, ನಿಮ್ಮ ಕಂಪ್ಯೂಟರಿನಲ್ಲೇ ಆ ಹಳೇ ಮೆಷಿನ್‌ನ ಅನುಕರಣೆ ಓಡಿಸುತ್ತದೆ, ಉಚಿತ. ಪಾಲ್ ಮಾದರಿ ಆರಿಸಿ. ನೀಲಿ ಪರದೆ ಬಂದ ಮೇಲೆ ಬೇಸಿಕ್ ಭಾಷೆಯ ಪೋಕ್ ಆಜ್ಞೆಯಲ್ಲಿ ಈ ಜೋಡಿಗಳನ್ನು (ಮೊದಲು ವಿಳಾಸ, ಆಮೇಲೆ ಅಲ್ಲಿಗೆ ಹಾಕುವ ಅಂಕಿ) ಒಂದೊಂದಾಗಿ ಕೊಡಿ: 54296,15 (ವಾಲ್ಯೂಮ್), 54277,9 ಮತ್ತು 54278,0 (ಸ್ವರ ಹೇಗೆ ಏಳಬೇಕು, ಹೇಗೆ ಇಳಿಯಬೇಕು), 54273,29 ಮತ್ತು 54272,68 (ಸ್ವರ, ಸುಮಾರು 440 ಹರ್ಟ್ಸ್). ಕೊನೆಗೆ 54276,33. ಗರಗಸ ಅಲೆಯಲ್ಲಿ ತಂತಿ ಮೀಟಿದ ಹಾಗೆ ಒಂದು ಸ್ವರ ಬಂದು ಮುಕ್ಕಾಲು ಸೆಕೆಂಡಿನಲ್ಲಿ ಇಳಿಯುತ್ತದೆ. ಮತ್ತೆ ಬೇಕಾದರೆ 54276ಕ್ಕೆ ಮೊದಲು 32, ಆಮೇಲೆ 33. ಹೀಗೆ ಹಾಡು ಬರೆಯಿರಿ ಅಂತ ಹೇಳುತ್ತಿಲ್ಲ. ಸುಮ್ನೆ ಹತ್ತು ನಿಮಿಷ ಆಡಿ ನೋಡಿ, ಚಿಪ್ಪಿನ ಕೈಗುಣ ಗೊತ್ತಾಗುತ್ತದೆ.

ಆಮೇಲೆ ಟ್ರ್ಯಾಕರ್, ಅಂದರೆ ಹಾಡನ್ನು ಸಾಲುಸಾಲಾಗಿ ಅಂಕಿಗಳಲ್ಲಿ ಬರೆಯುವ ಪ್ರೋಗ್ರಾಂ. ನಾನು ಬಳಸುವುದು ಗೋಟ್‌ಟ್ರ್ಯಾಕರ್. ಮುಖ ನೋಡಿದರೆ ಓಡಿಹೋಗಬೇಕು ಅನ್ನಿಸುತ್ತದೆ, ವಾರ ತಡೆದುಕೊಳ್ಳಿ. ಸಿಡ್ ಒಂದೇ ಸಾಲದು, ಸ್ಪೆಕ್ಟ್ರಮ್ ಅನ್ನುವ ಇನ್ನೊಂದು ಹಳೇ ಕಂಪ್ಯೂಟರಿನ ಎವೈ ಚಿಪ್ಪೂ ಬೇಕು ಅನ್ನುವವರಿಗೆ ಫರ್ನೇಸ್ ಅನ್ನುವ ಟ್ರ್ಯಾಕರ್ ಇದೆ, ಅದೂ ಉಚಿತ.

ಗೋಟ್‌ಟ್ರ್ಯಾಕರಿನ ಜೀವ ಇರುವುದು ವೇವ್‌ಟೇಬಲ್‌ನಲ್ಲಿ. ಅದರ ಒಂದು ಸಾಲು ಅಂದರೆ ಒಂದು ಫ್ರೇಮ್, ಮೇಲೆ ಹೇಳಿದ 20 ಮಿಲಿಸೆಕೆಂಡಿನ ಒಂದು ಸರದಿ. ಎಡಗಡೆ ಯಾವ ಅಲೆ, ಬಲಗಡೆ ಯಾವ ಸ್ವರ. 11 ತ್ರಿಕೋನ, 21 ಗರಗಸ, 41 ಪಲ್ಸ್, 81 ನಾಯ್ಸ್ (ಇವು ಹದಿನಾರರ ಎಣಿಕೆಯ ಅಂಕಿಗಳು, ಮೇಲಿನ 33 ಇಲ್ಲಿ 21). ಒಂದು ಸ್ನೇರ್ ಡ್ರಮ್ ಏಟು ಮಾಡೋಣ. ಮೊದಲ ಸಾಲು 81, ಎತ್ತರದ ಸ್ವರ. ಎರಡನೆಯದು 41, ತಗ್ಗಿನ ಸ್ವರ. ಮೂರನೆಯದು ಮತ್ತೆ 41, ಇನ್ನೂ ತಗ್ಗು. ನಾಲ್ಕನೆಯದು 80, ಅಂದರೆ ನಾಯ್ಸ್ ಇದೆ, ಆದರೆ ಗೇಟ್ (ಸ್ವರವನ್ನು ಒತ್ತಿ ಹಿಡಿಯುವ ಸ್ವಿಚ್) ಬಿಟ್ಟಾಯಿತು. ಬಿಡಿಬಿಡಿಯಾಗಿ ಕೇಳಿದರೆ ಇವು ಏನೂ ಅಲ್ಲ. 80 ಮಿಲಿಸೆಕೆಂಡಿನಲ್ಲಿ ಒಟ್ಟಿಗೆ ಹೋದರೆ ಕಿವಿಗೆ ಒಂದೇ ಏಟು, 'ಟಪ್'. ಇದೇ ಉಪಾಯದಲ್ಲಿ ಡ್ರಮ್ಮು ಬಾಸ್ ವಾಯ್ಸ್‌ನ ಮೊದಲ ಎರಡು ಮೂರು ಫ್ರೇಮ್ ಕದಿಯುತ್ತದೆ, ಆಮೇಲೆ ಬಾಸ್ ಮುಂದುವರಿಯುತ್ತದೆ. ಕೇಳುವವರಿಗೆ ಎರಡು ವಾದ್ಯ, ಖರ್ಚಾಗಿದ್ದು ಒಂದು ವಾಯ್ಸ್.

ಕಾರ್ಡ್ ಕೂಡ ಹಾಗೇ. ಮೇಜರ್ ಬೇಕಾದರೆ ಬಲಗಡೆ 00, 04, 07 (ಮೂಲ ಸ್ವರದಿಂದ ಎಷ್ಟು ಅರ್ಧಸ್ವರ ಮೇಲೆ ಅಂತ) ಬರೆದು ಮತ್ತೆ ಮೊದಲ ಸಾಲಿಗೆ ಜಂಪ್ ಕೊಡಿ. ಮೂರು ಸ್ವರ ಒಂದೇ ವಾಯ್ಸ್‌ನಲ್ಲಿ ಗಿರಗಿರ ತಿರುಗುತ್ತವೆ. ನೀವು ಪ್ಲಗಿನ್‌ನಲ್ಲಿ ಮೂರು ಕೀ ಒಟ್ಟಿಗೆ ಒತ್ತಿದ್ದೀರಲ್ವಾ, ಅಲ್ಲೇ ಮಜಾ ಹೋಯಿತು. ಪಲ್ಸ್ ಅಗಲವನ್ನೂ ಒಂದೇ ಕಡೆ ನಿಲ್ಲಿಸಬೇಡಿ. 0ರಿಂದ 4095ರವರೆಗೆ ಜಾಗ ಇದೆ, ಪಲ್ಸ್‌ಟೇಬಲ್‌ನಲ್ಲಿ ನಿಧಾನಕ್ಕೆ ಅತ್ತಿತ್ತ ಓಡಾಡಿಸಿ.

ತಾಳದ ವಿಷಯ ಒಂದು ಹೇಳಬೇಕು, ಎಲ್ಲರೂ ಎಡವುವುದು ಇಲ್ಲೇ. ಹಾಡಿನ ಸ್ವರ ಬರೆಯುವ ಪಟ್ಟಿಯಲ್ಲಿ (ವೇವ್‌ಟೇಬಲ್‌ನಲ್ಲಲ್ಲ) ಸಾಲಿಗೆ 6 ಫ್ರೇಮ್, ಏಟಿಗೆ 4 ಸಾಲು ಇಟ್ಟರೆ ನಿಮಿಷಕ್ಕೆ 125 ಏಟು. 5 ಇಟ್ಟರೆ 150. 7 ಇಟ್ಟರೆ 107 ಚಿಲ್ಲರೆ. 120 ಬೇಕು ಅಂದರೆ ಹೀಗೆ ಸಿಗಲ್ಲ! 6 ಮತ್ತು 7 ಸಾಲುಸಾಲಾಗಿ ಬದಲಿಸಿದರೆ 115ರ ಹತ್ತಿರ ಬರುತ್ತದೆ, ಜೊತೆಗೆ ಒಂದು ಕುಂಟುನಡೆಯೂ. ನನಗಂತೂ ಆ ಕುಂಟು ಇಷ್ಟ.

ನಮ್ಮ ಸಂಗೀತ ಇದರಲ್ಲಿ ಆಗುತ್ತಾ ಅಂತ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ನಾನು ಮಾಯಾಮಾಳವಗೌಳದ ಸರಳೆ ವರಸೆಯಲ್ಲೇ ಶುರು ಮಾಡಿದೆ. ಮೊದಲ ಪೆಟ್ಟು ಶ್ರುತಿಯಿಂದ: ಒಂದು ವಾಯ್ಸ್‌ನಲ್ಲಿ ಷಡ್ಜ ಹಿಡಿದರೆ ಉಳಿಯುವುದು ಎರಡೇ. ಸ, ಪ ಎರಡನ್ನೂ ವೇವ್‌ಟೇಬಲ್‌ನಲ್ಲಿ ತಿರುಗಿಸಿ ನೋಡಿದೆ, ಮಿಕ್ಸಿ ಓಡಿದ ಹಾಗಾಯಿತು. ಕೊನೆಗೆ ಬಾಸ್ ವಾಯ್ಸ್‌ನ ಬಿಡುವಿನಲ್ಲೇ ತಂಬೂರಿ ಮೀಟಿದ ಹಾಗೆ ಪ ಸ ಸ ಸ ಹಾಕಿದೆ, ಇಳಿತ ಉದ್ದ, ಪಲ್ಸ್ ಅಗಲ ನಿಧಾನವಾಗಿ ಸರಿಯುವ ಹಾಗೆ. ತಂಬೂರಿಯ ಕುದುರೆ ಮೇಲೆ ದಾರ ಸರಿಸಿದಾಗ ಬರುವ ಝೇಂಕಾರದ ನೆರಳು ಸ್ವಲ್ಪ ಸಿಕ್ಕಿತು. ಗಮಕಕ್ಕೆ ವೈಬ್ರಾಟೊ ಆಜ್ಞೆ ಮುಟ್ಟಬೇಡಿ. ರಿಷಭದ ಕಂಪಿತ ಆಂಬುಲೆನ್ಸ್ ಸೈರನ್ ಆಗುತ್ತದೆ. 3ನೇ ಆಜ್ಞೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ, ಅದನ್ನು ಕೈಯಾರೆ ಸಾಲುಸಾಲಿಗೂ ಬರೆಯಿರಿ. ಬೇಸರದ ಕೆಲಸ, ಆದರೆ ಜಾರು ಚೆನ್ನಾಗಿ ಬರುತ್ತದೆ.

ಸಿಡ್ ಚಿಪ್ಪಿನ ಮಾದರಿ: ಹಳೇ 6581ರ ಫಿಲ್ಟರ್ ಮಬ್ಬು, ಒರಟು, ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಆಮೇಲಿನ 8580 ಶುಭ್ರ. ಫಿಲ್ಟರ್ ಬಳಸಿದ ಹಾಡನ್ನು ಎರಡರಲ್ಲೂ ಕೇಳಿ, ಒಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ. ವೈಸ್‌ನಲ್ಲಿ ಸಿಡ್ ಸದ್ದನ್ನು ಅನುಕರಿಸುವ ರೀಸಿಡ್ ಎಂಜಿನ್ ಆರಿಸಿ, ಅದರ ಸ್ಯಾಂಪ್ಲಿಂಗ್ ವಿಧಾನ 'ಫಾಸ್ಟ್' ಇದ್ದರೆ 'ರೀಸ್ಯಾಂಪ್ಲಿಂಗ್' ಮಾಡಿ. ಮೇಲಿನ ಸ್ವರಗಳಲ್ಲಿ ಕಿರಿಕಿರಿ ಬರುತ್ತಿದ್ದರೆ ಅರ್ಧ ಅಲ್ಲೇ ಹೋಗುತ್ತದೆ.

ಅಸಲಿ ಮೆಷಿನ್ ಬೇಡ ಅಂದದ್ದಕ್ಕೆ ಕಾರಣ ಇದೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ 6581 ತರಿಸಿದ್ದೆ. ಅಕ್ಷರಗಳು ನಿನ್ನೆ ಬರೆದ ಹಾಗೆ ಬೆಳ್ಳಗೆ. ಅನುಮಾನ ಬಂದು ಅಸಿಟೋನ್ ಹಚ್ಚಿದ ಹತ್ತಿ ಉಜ್ಜಿದೆ. ಹತ್ತಿ ಕಪ್ಪಾಯಿತು, ಕೆಳಗೆ ಬೇರೆ ಯಾವುದೋ ನಂಬರ್. ಹಾಗೂ ಮೆಷಿನ್ ತರಿಸಿದಿರಿ ಅಂದರೆ, ಜೊತೆಗೆ ಬರುವ ಹಳೇ ಪವರ್ ಸಪ್ಲೈಯನ್ನು ಚುಚ್ಚಬೇಡಿ. ಅದು ಕೆಟ್ಟಾಗ 5 ವೋಲ್ಟ್ ಜಾಗದಲ್ಲಿ ಜಾಸ್ತಿ ಕೊಟ್ಟು ಒಳಗಿನ ಚಿಪ್‌ಗಳನ್ನು ಸುಡುತ್ತದೆ. 6581ಕ್ಕೆ 12 ವೋಲ್ಟ್, 8580ಕ್ಕೆ 9. ಅದಲುಬದಲು ಮಾಡಬೇಡಿ.

ರೆಕಾರ್ಡಿಂಗ್ ಸುಲಭ. ಗೋಟ್‌ಟ್ರ್ಯಾಕರಿನಲ್ಲಿ ಎಫ್9 ಒತ್ತಿ ಸಿಡ್ ಫೈಲ್ ಮಾಡಿ, ಸಿಡ್‌ಪ್ಲೇಎಫ್‌ಪಿ ಪ್ಲೇಯರಿನಲ್ಲಿ ವೇವ್ ಫೈಲಾಗಿ ಬರೆಸಿ. ಬೇಕಾದರೆ ಎರಡೆರಡು ವಾಯ್ಸ್ ಮ್ಯೂಟ್ ಮಾಡಿ ಮೂರು ಫೈಲ್ ತೆಗೆಯಬಹುದು. ಆದರೆ 6581 ಫಿಲ್ಟರಿನಲ್ಲಿ ಮೂರೂ ಒಟ್ಟಿಗೆ ನುಗ್ಗಿದಾಗ ಬರುವ ಒರಟುತನ ಆಗ ಸಿಗುವುದಿಲ್ಲ. ನಿಮ್ಮ ರಿವರ್ಬ್ ಆಮೇಲೆ, ಚೂರೇ ಚೂರು.

ಆ ಎಂಟು ಟ್ರ್ಯಾಕ್‌ನ ಹಾಡನ್ನು ಮೂರು ವಾಯ್ಸ್‌ಗೆ ಇಳಿಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಟ್ರ್ಯಾಕರ್ ಫೈಲ್ ಸಮೇತ ಇಲ್ಲೇ ಹಾಕಿ, ಭಾನುವಾರ ಕೂತು ನೋಡುತ್ತೇನೆ.