ಶಿರಸಿಯಲ್ಲಿ ಓಡಿದ ಸ್ಕ್ರಿಪ್ಟು ಕಾರವಾರದಲ್ಲಿ ಯಾಕೆ ನಿಂತಿತು

ಶಿರಸಿಯ ಫೆಡೋರಾ ಲಿನಕ್ಸ್‌ನಲ್ಲಿ ಓಡುವ ನಿಮ್ಮ ಚಾಲಿ-ರಾಶಿ ಅಡಿಕೆ ಲೆಕ್ಕದ ಶೆಲ್ ಸ್ಕ್ರಿಪ್ಟು ಕಾರವಾರದ ಉಬುಂಟು ಲಿನಕ್ಸ್‌ನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಆಪರೇಟರ್’ ಅನ್ನುತ್ತದೆ ಅಂದಿರಿ. ತಪ್ಪು ಉಬುಂಟುವಿನದಲ್ಲ. ಸ್ಕ್ರಿಪ್ಟನ್ನು ಓದಿ ಓಡಿಸುವ ಶೆಲ್‌ನ ಹೆಸರು ಎಸ್‌ಎಚ್ (sh); ಫೆಡೋರಾದಲ್ಲಿ ಎಸ್‌ಎಚ್ ಅಂದರೆ ಬ್ಯಾಶ್ ಎಂಬ ಶೆಲ್. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದಲೇ ಅದು ಡ್ಯಾಶ್ ಎಂಬ ಬೇರೆ ಶೆಲ್. ಚೌಕ ಕಂಸದೊಳಗಿನ == ಡ್ಯಾಶ್‌ಗೆ ಗೊತ್ತಿಲ್ಲ, ಒಂದೇ = ಹಾಕಿ. ವೇರಿಯೇಬಲ್‌ಗೆ ಜೋಡಿ ಉದ್ಧರಣ ಚಿಹ್ನೆ ಮರೆಯಲೇಬೇಡಿ: ಅಡಿಕೆಯ ಬಗೆ ಖಾಲಿಯಿದ್ದ ಸಾಲು ಬಂದಾಗ ಹೋಲಿಕೆಯೇ ಮುರಿದುಬೀಳುತ್ತದೆ. ಬ್ಯಾಶ್‌ನ ಹೋಲಿಕೆಯ [[ ಮತ್ತು ಅರೇ (ಹಲವು ಮೌಲ್ಯಗಳ ಪಟ್ಟಿ) ಎರಡೂ ಡ್ಯಾಶ್‌ನಲ್ಲಿಲ್ಲ, ಮಾದರಿ ಹೋಲಿಸಲು ‘ಕೇಸ್’ ಸಾಕು. ಪಠ್ಯ ಮುದ್ರಿಸಲು ‘ಎಕೋ’ ಬದಲು ‘ಪ್ರಿಂಟ್‌ಎಫ್’ ಬಳಸಿ.

ಮ್ಯಾಕ್‌ಗೂ ಒಯ್ಯುವುದಿದ್ದರೆ ಕಡತವನ್ನು ಇದ್ದಲ್ಲೇ ತಿದ್ದುವ ‘ಸೆಡ್ -ಐ’ (sed -i) ಬೇಡ. ಅಲ್ಲಿ ಅದು ಮುಂದಿನ ಪದವನ್ನು ಬ್ಯಾಕಪ್ ಕಡತದ ಬಾಲವೆಂದು ನುಂಗಿಬಿಡುತ್ತದೆ. ತಾತ್ಕಾಲಿಕ ಕಡತಕ್ಕೆ ಬರೆದು, ‘ಎಂವಿ’ (mv) ಆಜ್ಞೆಯಿಂದ ಅದನ್ನು ಮೂಲ ಕಡತದ ಜಾಗಕ್ಕೆ ಸರಿಸಿ. ಕಾರವಾರಕ್ಕೆ ಕಳಿಸುವ ಮುನ್ನ ಫೆಡೋರಾದಲ್ಲೇ ಡ್ಯಾಶ್ ಹಾಕಿಕೊಂಡು ಅದರಲ್ಲಿ ಓಡಿಸಿ ನೋಡಿ. ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್‌ಗೂ ಒಮ್ಮೆ ಕೊಡಿ.