ಎರಡು ಎಕರೆ ಅಡಿಕೆ ತೋಟದ ದುಡ್ಡಲ್ಲಿ ಆಸ್ಟ್ರೋಫಿಸಿಕ್ಸ್ ಓದಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಪಿಯುಸಿ ಮುಗಿದಿದೆ, ಹೊಸನಗರದ ಕಡೆ ಎರಡು ಎಕರೆ ತೋಟ, ಆಸ್ಟ್ರೋಫಿಸಿಕ್ಸ್ (ನಕ್ಷತ್ರ, ಗ್ಯಾಲಕ್ಸಿಗಳ ಫಿಸಿಕ್ಸ್) ಓದುವ ಆಸೆ. ಕಡಿಮೆ ಖರ್ಚಿನ ವಿಶ್ವವಿದ್ಯಾಲಯ ಯಾವುದು, ಜರ್ಮನಿ ಆಗುತ್ತಾ?

ನಾನೂ ಸಾಗರದ ಕಡೆಯವನೇ, ಹೆಚ್ಚುಕಮ್ಮಿ ಇದೇ ದಾರಿಯಲ್ಲಿ ಬಂದವನು. ನೇರವಾಗಿ ಹೇಳುತ್ತೇನೆ. ಡಿಗ್ರಿಯಲ್ಲೇ 'ಆಸ್ಟ್ರೋಫಿಸಿಕ್ಸ್' ಅನ್ನುವ ಹೆಸರು ಹುಡುಕಬೇಡಿ. ನನಗೆ ಪಿಯುಸಿ ಆದಾಗ ಒಂದು ಖಾಸಗಿ ಕಾಲೇಜಿನವರು ಬಣ್ಣದ ಪುಸ್ತಕ ತೋರಿಸಿದ್ದರು. ಮುಖಪುಟದಲ್ಲಿ ಗ್ಯಾಲಕ್ಸಿ, ಒಳಗೆ ಲಕ್ಷದ ಮೇಲೆ ಫೀಸು. ಅಪ್ಪ ಸೊಸೈಟಿಯಲ್ಲಿ ಸಾಲ ಕೇಳಲು ಹೊರಟೇಬಿಟ್ಟಿದ್ದರು. ಸಿಲೆಬಸ್ ನೋಡಿದರೆ ಮೂರು ವರ್ಷದಲ್ಲಿ ನಕ್ಷತ್ರಗಳ ಬಗ್ಗೆ ಇದ್ದದ್ದು ಎರಡೇ ಪೇಪರ್. ಉಳಿದದ್ದೆಲ್ಲ ಶಿವಮೊಗ್ಗದಲ್ಲೂ ಸಿಗುವ ಫಿಸಿಕ್ಸ್, ಮ್ಯಾಥ್ಸು. ಆ ವರ್ಷ ಅಡಿಕೆಗೆ ಕೊಳೆರೋಗ ಬಂದು ಸಾಲ ಹುಟ್ಟಲಿಲ್ಲ. ಅದೇ ಒಳ್ಳೆಯದಾಯಿತು.

ಸಂಶೋಧನಾ ಸಂಸ್ಥೆಗಳು ಪಿಎಚ್‌ಡಿಗೆ ತೆಗೆದುಕೊಳ್ಳುವಾಗ ನೋಡುವುದು ಫಿಸಿಕ್ಸ್ ಎಷ್ಟು ಗಟ್ಟಿ ಅಂತ. ಕ್ವಾಂಟಮ್, ವಿದ್ಯುತ್ಕಾಂತೀಯ ಸಿದ್ಧಾಂತ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್. ಹಾಗಾಗಿ ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಂಥ ಕಡೆ ಬಿಎಸ್ಸಿ ಮಾಡಿ, ಎಂಎಸ್ಸಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋದರೂ ದಾರಿ ಮುಚ್ಚುವುದಿಲ್ಲ. ನಾನು ಹೋಗಿದ್ದು ಹಾಗೇ. ಆದರೆ ಕ್ಲಾಸಿನ ನೋಟ್ಸು ಬಾಯಿಪಾಠ ಮಾಡಿ ರ‍್ಯಾಂಕ್ ತೆಗೆದರೆ ಸಾಲದು. ಎಂಎಸ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಇಟ್ಟುಕೊಂಡು ಪಿಎಚ್‌ಡಿ ಪ್ರವೇಶದ ಜೆಸ್ಟ್ ಪರೀಕ್ಷೆಗೆ ಕೂತೆ. ಅರ್ಧ ಪ್ರಶ್ನೆ ಅರ್ಥವೇ ಆಗಲಿಲ್ಲ. ಅಷ್ಟು ವರ್ಷ ನಾನಾಗಿಯೇ ಒಂದು ಲೆಕ್ಕ ಬಿಡಿಸಿರಲಿಲ್ಲ, ಅಲ್ವಾ? ಮುಂದಿನ ವರ್ಷ ಹಳೆ ಪ್ರಶ್ನೆಪತ್ರಿಕೆಗಳನ್ನೇ ಹಿಡಿದು ಕೂತ ಮೇಲೆ ದಾಟಿದೆ.

ಪಿಯುಸಿ ಈಗಷ್ಟೇ ಮುಗಿದಿದ್ದರೆ ಐಸರ್‌ಗಳ (ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳು) ಪ್ರವೇಶ ಪರೀಕ್ಷೆ ಐಎಟಿ, ಅಂಥದ್ದೇ ಸಂಸ್ಥೆಯಾದ ಭುವನೇಶ್ವರದ ನೈಸರ್‌ಗೆ ಇರುವ ನೆಸ್ಟ್, ಎರಡನ್ನೂ ಬರೆಯಿರಿ. ಎರಡೂ ಕಡೆ ಐದು ವರ್ಷದ ಕೋರ್ಸು. ಫೀಸು ಸರ್ಕಾರಿ ಕಾಲೇಜಿಗಿಂತ ಜಾಸ್ತಿ, ಕಲಿಕೆಯೂ ಜಾಸ್ತಿ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರೊಳಗೆ ಇದ್ದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ವರ್ಷಕ್ಕೆ 80,000 ರೂಪಾಯಿ. ಅದಕ್ಕೆ ಐಸರ್‌ಗೇ ಸೇರಬೇಕು ಅಂತಿಲ್ಲ. ಶಿವಮೊಗ್ಗದಲ್ಲಿ ಬಿಎಸ್ಸಿ ಮಾಡಿದರೂ ಸಿಗುತ್ತದೆ. ಇದು ನನಗೆ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು.

ಬಿಎಸ್ಸಿ ಆದಮೇಲೆ ಜ್ಯಾಮ್ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂಎಸ್ಸಿ ಮಾಡಬಹುದು. ಬಿಟೆಕ್‌ಗೆ ಹೋಲಿಸಿದರೆ ಅಲ್ಲಿ ಎಂಎಸ್ಸಿ ಬೋಧನಾ ಶುಲ್ಕ ತುಂಬಾ ಕಡಿಮೆ. ಪಿಎಚ್‌ಡಿಗೆ ಬಂದರಂತೂ ದುಡ್ಡು ಅವರೇ ಕೊಡುತ್ತಾರೆ. ಈಗ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಮನೆಯ ದುಡ್ಡು ಬೇಕಾಗುವುದು ಎಂಎಸ್ಸಿವರೆಗೆ ಮಾತ್ರ. ಬೆಂಗಳೂರಿನಲ್ಲೇ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿ ಇವೆ. ಪುಣೆಯಲ್ಲಿ ಖಗೋಳ ಸಂಶೋಧನೆಯ ಐಯುಕಾ, ಎನ್‌ಸಿಆರ್‌ಎ ಸಂಸ್ಥೆಗಳು.

ಜರ್ಮನಿ ವಿಷಯ. ಬಾನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷಿನಲ್ಲೇ ಆಸ್ಟ್ರೋಫಿಸಿಕ್ಸ್ ಎಂಎಸ್ಸಿ ಇದೆ, ಬೋಧನಾ ಶುಲ್ಕ ಇಲ್ಲ. ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಇರುವ ರಾಜ್ಯದಲ್ಲಿ ಯೂರೋಪಿನ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ. ಆದರೆ 'ಫ್ರೀ' ಅನ್ನುವವರು ಹೇಳದ ಮಾತೊಂದಿದೆ. ವೀಸಾಕ್ಕೆ ಒಂದು ವರ್ಷದ ಊಟ-ವಸತಿ ಖರ್ಚು 11,904 ಯೂರೋವನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ರೂಪಾಯಿ ಲೆಕ್ಕದಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಅದನ್ನು ತಿಂಗಳು ತಿಂಗಳು ನಿಮ್ಮ ಖರ್ಚಿಗೇ ಕೊಡುತ್ತಾರೆ ನಿಜ. ಆದರೆ ಮೊದಲು ಹೊಂದಿಸಬೇಕಾದವರು ಅಪ್ಪ. ತೋಟ ಅಡ ಇಡುವ ಯೋಚನೆ ಇದ್ದರೆ ದಯವಿಟ್ಟು ಬೇಡ.

ಇನ್ನು, ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನೇ ಕಾಣುವುದಿಲ್ಲ, ನಕ್ಷತ್ರ ಎಲ್ಲಿಂದ ನೋಡುವುದು ಅಂತ ಬರೆದಿದ್ದೀರಿ. ನೋಡುವುದೇ ಬೇಡ! ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಕೆಲಸದ ಬಹುಪಾಲು ಕಂಪ್ಯೂಟರಿನಲ್ಲಿ. ಗಾಯಾ ಉಪಗ್ರಹ ಅಳೆದ ಸುಮಾರು 180 ಕೋಟಿ ನಕ್ಷತ್ರಗಳ ಮಾಹಿತಿ ಯಾರಿಗೆ ಬೇಕಾದರೂ ಪುಕ್ಕಟೆ. ಹಳೇ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿತು, ಕೃತ್ತಿಕೆಯ ನಕ್ಷತ್ರಗಳ ಬಣ್ಣ ಮತ್ತು ಹೊಳಪಿನ ಗ್ರಾಫ್ ಹಾಕಿ ನೋಡಿ. ನಮ್ಮಜ್ಜನಿಗೆ ಕೃತ್ತಿಕೆ ಅಂದರೆ ಬರೀ ಮಳೆ ಲೆಕ್ಕ. ನನಗೆ ಆ ಗ್ರಾಫಿನಿಂದಲೇ ಒಂದು ಬೇಸಿಗೆ ಪ್ರಾಜೆಕ್ಟ್ ಸಿಕ್ಕಿತು.

ಇನ್ನೊಂದು. ಜ್ಯಾಮ್ ಇರುವುದು ಫೆಬ್ರವರಿಯಲ್ಲಿ. ಅದಕ್ಕೆ ಓದಬೇಕಾದ ತಿಂಗಳುಗಳೇ ಅಡಿಕೆ ಸುಗ್ಗಿ. ಬಿಎಸ್ಸಿ ಕೊನೇ ವರ್ಷದ ಸುಗ್ಗಿಗೆ ಸುಲಿಯಲು ನೀವು ಸಿಗುವುದಿಲ್ಲ ಅಂತ ಮನೆಯಲ್ಲಿ ಈಗಲೇ ಹೇಳಿಡಿ.