ಸ್ಕೂಟರ್ ನಿಮ್ಮದು, ಕರೆಂಟ್ ಬಿಲ್ ಯಾರದು?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನ ಕಾಮನ್ ಪ್ಲಗ್ಗಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುತ್ತೇನೆ. ಸಂಘದವರು ತಿಂಗಳಿಗೆ 1,000 ರೂಪಾಯಿ ಕೇಳುತ್ತಿದ್ದಾರೆ. ಮೇಂಟೆನೆನ್ಸ್ ಕಟ್ಟುತ್ತೇನಲ್ಲ, ಮತ್ತೆ ಯಾಕೆ ಕೊಡಬೇಕು?

ಉತ್ತರ: ಇದೇ ಪ್ರಶ್ನೆ ಇದು ಎಷ್ಟನೇ ಸಲವೋ! ಮೇಂಟೆನೆನ್ಸ್ ದುಡ್ಡು ಲಿಫ್ಟಿಗೆ, ಪಂಪಿಗೆ, ಮೆಟ್ಟಿಲ ದೀಪಕ್ಕೆ. ನಿಮ್ಮ ಸ್ಕೂಟರಿನಲ್ಲಿ ಮೂರನೇ ಮಹಡಿಯ ಅಜ್ಜಿ ಓಡಾಡುತ್ತಾರಾ? ಕೊಡಲೇಬೇಕು. ಆದರೆ 1,000 ಜಾಸ್ತಿಯಾಯಿತು. 3 ಯೂನಿಟ್ ಬ್ಯಾಟರಿ ಪೂರ್ತಿ ತುಂಬಲು ಮೀಟರಿನಲ್ಲಿ ಸುಮಾರು ಮೂರೂವರೆ ಯೂನಿಟ್ ಓಡುತ್ತದೆ. ಆ ಹೆಚ್ಚುವರಿ ಅರ್ಧ ಯೂನಿಟ್ ಬಿಸಿಯಾಗಿ ಹೋಗುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಒಂದು ಸಲಕ್ಕೆ 25. ತಿಂಗಳಿಗೆ ಹತ್ತು ಸಲ ಅಂದರೆ 250.

ಸಬ್‌ಮೀಟರ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿಸಬಹುದು, ಆದರೆ ತಿಂಗಳು ತಿಂಗಳು ರೀಡಿಂಗ್ ಬರೆಯುವವರು ಯಾರು? ಮೂರನೇ ತಿಂಗಳಿಗೆ ಜಗಳ ಗ್ಯಾರಂಟಿ. ನಿಮ್ಮ ಮನೆ ಮೀಟರ್ ಎಲ್ಲಿದೆ, ಮೊದಲು ಹೋಗಿ ನೋಡಿ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅದು ಕೆಳಗಡೆ ಮೀಟರ್ ರೂಮಿನಲ್ಲೇ ಇರುತ್ತದೆ. ಅಲ್ಲಿಂದ ನಿಮ್ಮ ಪಾರ್ಕಿಂಗ್ ಜಾಗಕ್ಕೆ ಬೇರೆ ಲೈನ್ ಎಳೆಸಿ. ಲೋಡ್ ಜಾಸ್ತಿಯಾದರೆ ಲೈನ್ ಕಡಿಯುವ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್, 16 ಆಂಪ್ ಸಾಕೆಟ್. ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಬೇಕು, ವಾಚ್‌ಮನ್ ಕರೆತಂದ ಹುಡುಗ ಅಲ್ಲ. ಇರುವ ಕನೆಕ್ಷನ್ನಿನಲ್ಲೇ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಸಂಘಕ್ಕೆ ಅದನ್ನು ತೋರಿಸಿ.

ಒಂದು ಎಚ್ಚರಿಕೆ. ಗೃಹಜ್ಯೋತಿ ಇದ್ದರೆ ಸ್ಕೂಟರಿನ ಯೂನಿಟ್ಟೂ ಅದೇ ಮೀಟರಿಗೆ ಸೇರುತ್ತದೆ. ನಿಮಗೆ ಗೊತ್ತುಮಾಡಿದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಇಡೀ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಎಸಿ ಹಾಕುವವರು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಮುಂದೆ ಕಾರು ತಗೊಂಡರೆ ಇದೇ ಲೈನ್ ಸಾಕಾ?

ಉತ್ತರ: 7 ಕಿಲೋವ್ಯಾಟ್ ಚಾರ್ಜರಿಗೆ ಸಾಲದು. ಮೊದಲು ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ, ಆಮೇಲೆ ಕಾರು.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಕಡಿಮೆ ಮಾಡುವ ಡಬ್ಬಿ ಬಂದಿದೆಯಂತೆ?

ಉತ್ತರ: ಒಂದನ್ನು ಬಿಚ್ಚಿ ನೋಡಿದ್ದೇನೆ. ಒಳಗಿದ್ದದ್ದು ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಕಡಿಮೆಯಾಗುವುದು ನಿಮ್ಮ ಜೇಬಿನ ಭಾರ ಮಾತ್ರ.

ಪ್ರಶ್ನೆ: ಬೇರೆ ಲೈನ್ ಎಳೆಸುವ ತನಕ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಡಬಹುದಾ?

ಉತ್ತರ: ಬೇಡ. ನಾನೂ ಒಂದು ರಾತ್ರಿ ಸೋಮಾರಿತನದಿಂದ ಹಾಗೆ ಮಾಡಿದ್ದೆ. ಬೆಳಗ್ಗೆ ಪ್ಲಗ್ಗು ಬಾಕ್ಸಿಗೆ ಕರಗಿ ಅಂಟಿಕೊಂಡಿತ್ತು. ಕೀಳಲು ಇಕ್ಕಳ ಬೇಕಾಯಿತು.